ದೊರೆಯ ಕಾರಿನ ಮಣ್ಣು

ಬಿಸಿಲಿಗೆ ಕಾದ ತೊಗಲು, ಅದರ ಜೊತೆಗೆ ಒಂದಿಷ್ಟು ಪೆಟ್ರೋಲು, ಒಂದಿಷ್ಟು ಚುಟ್ಟದ ಹೊಗೆ. ಈ ಮೂರೂ ಸೇರಿದ ವಾಸನೆ ಕೋದಂಡಪ್ಪನವರ ಮೂಗಿಗೆ ಮೊದಲ ಸಲ ಬಡಿದಾಗ ಅವರಿಗೆ ಏಳು ವರ್ಷ. ಉರಿಗಾಂನಲ್ಲಿ ಚಿನ್ನದ ಗಣಿಯ ದೊರೆಯೊಬ್ಬರ ಬಂಗಲೆಗೆ ಅವರ ಅಪ್ಪ ಮಾಲಿ. ಅಪ್ಪನಿಗೆ ಬುತ್ತಿ ಕೊಟ್ಟು ಬರುವಾಗ ಪೋರ್ಟಿಕೋದಲ್ಲಿ ಕಾರಿನ ಬಾಗಿಲು ತೆರೆದಿತ್ತು. ಡ್ರೈವರು ಆಚೀಚೆ ನೋಡಿ, "ಬಿರ್‍ರನೆ ಮೂಸಿ ಓಡ್ಲಾ" ಅಂದ. ಹುಡುಗ ತಲೆ ಒಳಗಿಟ್ಟು ಎದೆತುಂಬ ಉಸಿರೆಳೆದುಕೊಂಡ. ಬಾಯಿ ಬಿಟ್ಟರೆ ವಾಸನೆ ಹೊರಟುಹೋಗುತ್ತದೆಂದು ಆ ಸಂಜೆಯವರೆಗೆ ಯಾರ ಹತ್ತಿರವೂ ಮಾತಾಡಲಿಲ್ಲ. ಮಗನಿಗೆ ಯಾವುದೋ ಗಾಳಿ ಬಡಿದಿದೆಯೆಂದು ಅಮ್ಮ ಬೇವಿನಸೊಪ್ಪು ನೀವಾಳಿಸಿದಳು.

ಗಾಳಿ ಬಡಿದದ್ದು ನಿಜವೇ. ಇಪ್ಪತ್ತನಾಲ್ಕು ವರ್ಷವಾದರೂ ಅದು ಇಳಿಯಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ ಆ ಬಂಗಲೆಯ ಕೊನೆಯ ದೊರೆ ಹಡಗು ಹತ್ತಲು ಹೊರಟಾಗ, ರಾಬರ್ಟ್‌ಸನ್‌ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಕೋದಂಡಪ್ಪನವರು ಅದೇ ಕಾರನ್ನು ಕೊಂಡು ತಂದರು. ಅಷ್ಟು ಹೊತ್ತಿಗೆ ಅದು ಮೂವರು ದೊರೆಗಳನ್ನು ಸವೆಸಿ, ತಾನೂ ಸವೆದಿತ್ತು. ಕಂಪನಿಯ ಹೆಸರಿನ ಅಕ್ಷರಗಳೆಲ್ಲ ಉದುರಿ ಹೋಗಿದ್ದವು. ವಾಸನೆಯಂತೂ ಯಾವಾಗಲೋ ಹೋಗಿತ್ತು. "ಇದೆ, ಹಿಂದಿನ ಸೀಟಿನ ಮೂಲೆಯಲ್ಲಿ ಇದೆ. ಮೂಗು ಹತ್ತಿರ ತಗೊಂಡು ಹೋಗಿ ನೋಡು" ಎಂದು ಅವರು ಹೆಂಡತಿಗೆ ಹೇಳಿದರು. ಅಶ್ವತ್ಥಮ್ಮ ಮೂಗು ಹತ್ತಿರ ತಗೊಂಡು ಹೋಗಿ, "ಇಲಿ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಅವತ್ತಿನಿಂದ ಕಾರಿಗೆ ಅವರಿಟ್ಟ ಹೆಸರು 'ನಿಮ್ಮ ದೊರೆ'.

ದೊರೆಗೆ ಒಂದು ನಿಷ್ಠೆ ಇತ್ತು. ಬಂಗಾರಪೇಟೆಗೆ ಹೋಗುವ ರಸ್ತೆಯಲ್ಲಿ ಅರ್ಧ ದಾರಿಗೆ ಒಂದು ಹುಣಸೇಮರ. ಹೋಗುವಾಗಲಾಗಲಿ ಬರುವಾಗಲಾಗಲಿ ಅದರ ಕೆಳಗೆ ಬಂದ ಕೂಡಲೇ ಕಾರು ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು, ನೀರು ಹಾಕಿ, ಅರ್ಧ ಗಂಟೆ ಕಾದರೆ ಸಮಾಧಾನವಾಗಿ ಹೊರಡುತ್ತಿತ್ತು. ನಾಲ್ಕು ಸಲ ಹೀಗಾದ ಮೇಲೆ ಅಶ್ವತ್ಥಮ್ಮ ಬೈಯುವುದನ್ನು ಬಿಟ್ಟು ಬುತ್ತಿ ಕಟ್ಟುವುದನ್ನು ಕಲಿತರು. ತಮ್ಮನ ಮನೆಗೆ ಹಬ್ಬದೂಟಕ್ಕೆ ಹೊರಟರೂ ಮಡಿಲಲ್ಲಿ ಒಂದು ಕ್ಯಾರಿಯರು ಇರುತ್ತಿತ್ತು. ಗಂಡ ಮುಂದಿನ ಸೀಟಿನಲ್ಲಿ, ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಹುಣಸೇಮರದ ಕೆಳಗೆ ಊಟ ಮಾಡುವುದನ್ನು ಆ ದಾರಿಯ ಬಸ್ಸಿನವರೆಲ್ಲ ಬಲ್ಲರು. ಕಂಡಕ್ಟರು ತಲೆ ಹೊರಗೆ ಹಾಕಿ, "ಇವತ್ತೇನ್ ಸಾರಮ್ಮೋ?" ಎಂದು ಕೂಗಿಕೊಂಡೇ ಹೋಗುತ್ತಿದ್ದ.

ಹದಿಮೂರು ವರ್ಷ ಹೀಗೆ ನಡೆದು, ಹದಿನಾಲ್ಕನೆಯ ವರ್ಷ ಕಾರು ಹುಣಸೇಮರದವರೆಗೂ ಹೋಗದೆ ಮನೆಯ ಅಂಗಳದಲ್ಲೇ ಸತ್ಯಾಗ್ರಹ ಹೂಡಿತು. ಅದರ ವೈದ್ಯ ಪೆರುಮಾಳ್. ಬಂಗಾರಪೇಟೆಯಲ್ಲಿ ಅವನದು ಹಳೇ ಕಬ್ಬಿಣದ ಅಂಗಡಿ, ಪಕ್ಕದಲ್ಲೇ ರಿಪೇರಿ. ಅವನು ಕಾರಿನ ಕೆಳಗೆ ಮಲಗಿ ಬಹಳ ಹೊತ್ತು ಇದ್ದು, ಎದ್ದು ಬಂದು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ.

"ಮುಡಿಂಜಿ ಪೋಚಿ ಸಾರ್. ಮುಗೀತು. ಇನ್ನು ನನ್ನ ಕೈಲಿ ಆಗಲ್ಲ. ಶುಕ್ರವಾರ ಎತ್ತು ಹೊಡ್ಕೊಂಡು ಬತ್ತೀನಿ. ಬಿಚ್ಚೋವಾಗ ನೀವು ಬರಬೇಡಿ ಸಾರ್, ನಾನು ಜಾಗ್ರತೆಯಾಗಿ ಬಿಚ್ತೀನಿ."

ಕೋದಂಡಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಗಳಿಗೆಯಲ್ಲೇ ಪಕ್ಕದ ಮನೆಯ ವೆಂಕಟರತ್ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಗದ್ದ ಊರಿದರು. ಆ ಗೋಡೆ ಕಟ್ಟಿದವನು ಅವರ ಗದ್ದದ ಅಳತೆ ತೆಗೆದುಕೊಂಡೇ ಕಟ್ಟಿದ್ದನೇನೋ.

"ಏಮಂಡಿ ಕೋದಂಡಪ್ಪನೋರೆ, ಕಾರು ಕೊಟ್ಬಿಡ್ತೀರಂತೆ? ಯಾರಿಗೆ?"

ಮೂವರು ದೊರೆಗಳ ಕಾರು ಹಳೇ ಕಬ್ಬಿಣಕ್ಕೆ ಹೋಗುತ್ತದೆ ಎಂದು ಹೇಳಲು ಯಾವ ಮನುಷ್ಯನಿಗೆ ನಾಲಿಗೆ ಬರುತ್ತದೆ? ಕೋದಂಡಪ್ಪನವರು ಎದೆ ನೆಟ್ಟಗೆ ಮಾಡಿದರು. "ಬೆಂಗಳೂರಿಂದ ಒಬ್ಬರು ದೊಡ್ಡ ಮನುಷ್ಯರು ಕೇಳಿದ್ದಾರೆ. ಹೆಸರು ಹೇಳೋ ಹಾಗಿಲ್ಲ. ಶುಕ್ರವಾರ ಅವರ ಕಡೆಯೋರು ಬರ್ತಾರೆ" ಎಂದುಬಿಟ್ಟರು. ಪೆರುಮಾಳ್ ಕೆಳಗೆ ನೋಡುತ್ತಾ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಂಡ.

ಒಳಗೆ ಹೋದರೆ ಅಲ್ಲಿ ಬೇರೆ ಕೋರ್ಟು ಕೂತಿತ್ತು.

"ದೊರೆ ಓಗ್ಲಿ, ಬೇಡಾಂತ ನಾನೇಳಕಿಲ್ಲ" ಅಂದರು ಅಶ್ವತ್ಥಮ್ಮ, ರಾಗಿ ಬೀಸುವುದನ್ನು ನಿಲ್ಲಿಸದೆ. "ನಮ್ಮಮ್ಮನ ಮೂಗುಬೊಟ್ಟು ಸಿಗೋ ಗಂಟ ಅದು ಈ ಅಂಗಳ ಬಿಟ್ಟು ಅಲ್ಲಾಡಂಗಿಲ್ಲ."

ಏಳು ಕಲ್ಲಿನ ಆ ಮೂಗುಬೊಟ್ಟು ಕಳೆದದ್ದು ಒಂಬತ್ತು ವರ್ಷದ ಹಿಂದೆ, ತಮ್ಮ ಆಂಜಿನಪ್ಪನ ಮದುವೆ ಮುಗಿಸಿ ಬಂಗಾರಪೇಟೆಯಿಂದ ಬರುವಾಗ, ಈ ಕಾರಿನಲ್ಲಿ. ಅದು ಸಿಗುವವರೆಗೆ ಬೇರೆ ಬೊಟ್ಟು ಇಡುವುದಿಲ್ಲವೆಂದು ಅಶ್ವತ್ಥಮ್ಮ ಮೂಗಿನ ತೂತು ಮುಚ್ಚದಂತೆ ಒಂದು ಬೇವಿನಕಡ್ಡಿ ಸಿಕ್ಕಿಸಿಕೊಂಡಿದ್ದರು. ತಾಯಿಯ ಮೂಗುಬೊಟ್ಟು ಕಳೆದುಕೊಂಡೆ ಎಂದು ಊರಿಗೆ ಹೇಳುವುದು ಹೇಗೆ? ಕೇಳಿದವರಿಗೆಲ್ಲ, "ಆಚಾರಿ ಅತ್ರ ರಿಪೇರಿಗೆ ಕೊಟ್ಟೀನಿ" ಎಂದು ಹೇಳಿದ್ದರು. ಒಂಬತ್ತು ವರ್ಷದಿಂದ ಆ ಆಚಾರಿ ರಿಪೇರಿ ಮಾಡುತ್ತಲೇ ಇದ್ದ.

"ಯಾರಿಗೂ ಬಾಯಿ ಬಿಡಬೇಡಿ ಮತ್ತೆ" ಅಂದರು. "ಉಡುಕಿ."

ಬುಧವಾರ ಬೆಳಗಿನ ಆರು ಗಂಟೆಗೆ ಕೋದಂಡಪ್ಪನವರು ಹುಡುಕಲು ಕೂತರು. ಸೀಟು ಎತ್ತಿ ಹೊರಗಿಟ್ಟರು. ಚಾಪೆ ಕಿತ್ತರು. ಅದರ ಕೆಳಗೆ ಹದಿಮೂರು ವರ್ಷದ ಮಣ್ಣು ಹಸುವಿನ ಸೆಗಣಿಯಷ್ಟು ದಪ್ಪಕ್ಕೆ ಕೂತಿತ್ತು. ಅದನ್ನೆಲ್ಲ ಸೌಟಿನಿಂದ ಕೆರೆದು ಬೇಸನ್ನಿಗೆ ಹಾಕಿ, ನೀರು ಸುರಿದು, ಅಕ್ಕಿ ಜಾಲಿಸುವಂತೆ ಓಲಾಡಿಸಿ, ಮೇಲಿನ ಕೆಸರು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ನೋಡತೊಡಗಿದರು. ಕೆಲಸದಲ್ಲಿ ಅವರು ಶಿಸ್ತಿನ ಮನುಷ್ಯ.

ಬೇರೆ ಯಾವ ಊರಿನಲ್ಲಾದರೂ ಇದನ್ನು ನೋಡಿದವರು ಈ ಮನುಷ್ಯನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು. ಚಿನ್ನದ ಗಣಿಯ ಊರಿನಲ್ಲಿ ಯಾರೂ ಹಾಗೆ ಅಂದುಕೊಳ್ಳುವುದಿಲ್ಲ. ಅಲ್ಲಿ ಅಕ್ಕಿ ಜಾಲಿಸಿದರೆ ನಾಯಿಯೂ ತಿರುಗಿ ನೋಡದು. ಮಣ್ಣು ಜಾಲಿಸಿದರೆ ಮಾತ್ರ ತೊಟ್ಟಿಲ ಕೂಸಿಗೂ ಅರ್ಥವಾಗುತ್ತದೆ. ಗೋಡೆಯ ಮೇಲೆ ವೆಂಕಟರತ್ನಮ್ಮನವರ ಗದ್ದ ಕಾಣಿಸಿತು, ಒಂದು ನಿಮಿಷ ನಿಂತಿತು, ಮೆಲ್ಲಗೆ ಕೆಳಗಿಳಿಯಿತು.

ಹತ್ತು ಗಂಟೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತು. ದೊರೆ ಹೋಗುವಾಗ ಸಾಗಿಸಲಾಗದ ಚಿನ್ನವನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದಾನೆ. ಮಾಲಿಯ ಮಗನಿಗೆ ಗುಟ್ಟು ಗೊತ್ತಿತ್ತು. ಇಲ್ಲದಿದ್ದರೆ ಓಡದ ಕಾರಿಗೆ ಬೆಂಗಳೂರಿನಿಂದ ಹೆಸರು ಹೇಳಬಾರದ ದೊಡ್ಡ ಮನುಷ್ಯ ಯಾಕೆ ಬರುತ್ತಾನೆ?

ಹನ್ನೊಂದಕ್ಕೆ ವೆಂಕಟರತ್ನಮ್ಮ ಒಂದು ತಟ್ಟೆ ಚಕ್ಕುಲಿ ಹಿಡಿದುಕೊಂಡು, ಗೋಡೆಯನ್ನು ಬಿಟ್ಟು ಬಾಗಿಲಿನಿಂದಲೇ ಬಂದರು.

"ನಿದ್ದೇನೇ ಬರಲಿಲ್ಲಂಡಿ ರಾತ್ರಿ. ಈ ಕಾರು ಕಣ್ಮುಂದೆ ಇಲ್ದೆ ಹೆಂಗಂಡಿ ಬದುಕೋದು? ಬೆಂಗಳೂರಿನೋರಿಗೆ ಯಾಕೆ, ನಮ್ಮೋರಿಗೇ ಕೊಟ್ಬಿಡಿ. ನಮ್ಮನೆ ಮುಂದೆ ನಿಲ್ಲಿಸ್ಕೊತೀವಿ, ದಿನಾ ನೋಡ್ಕೊಂಡಿರಬಹುದು."

ಕೋದಂಡಪ್ಪನವರು ಭೂತಗನ್ನಡಿ ಕೆಳಗಿಟ್ಟರು. ಕಾರಿನ ಹೊಗೆ ಒಣಹಾಕಿದ ಹಪ್ಪಳಕ್ಕೆ ಬಡಿಯುತ್ತದೆಂದು ಹದಿಮೂರು ವರ್ಷ ಜಗಳವಾಡಿದ ಹೆಂಗಸು! ಹೊರಗೆ ಬೈಗುಳ ಇದ್ದರೇನು, ಒಳಗೆ ಎಷ್ಟು ಪ್ರೀತಿ ಇಟ್ಟುಕೊಂಡಿದ್ದಾರೆ! "ಮಾತು ಕೊಟ್ಟುಬಿಟ್ಟಿದ್ದೀನಮ್ಮ" ಎಂದರು.

"ಹಂಗಾದ್ರೆ ಕಾರಿನ ಮಣ್ಣಾದ್ರೂ ಒಂದಿಷ್ಟು ಕೊಡಿ. ತುಳಸಿಕಟ್ಟೆಗೆ ಹಾಕ್ತೀನಿ. ನೆನಪಿರಲಿ."

ಕೋದಂಡಪ್ಪನವರು ಇನ್ನೂ ಜಾಲಿಸದಿದ್ದ ಮಣ್ಣನ್ನೇ ಒಂದು ಚೊಂಬು ತುಂಬ ಕೊಡಲು ಹೊರಟು, ಕೊನೆಗೆ ಮೂಗುಬೊಟ್ಟಿನ ನೆನಪಾಗಿ ಜಾಲಿಸಿದ್ದನ್ನೇ ಕೊಟ್ಟರು. ಕೊಡುವಾಗ ಕಣ್ಣೊರೆಸಿಕೊಂಡರು. ವೆಂಕಟರತ್ನಮ್ಮ ಚೊಂಬಿಗೆ ಸೆರಗು ಮುಚ್ಚಿಕೊಂಡು ಓಡಿದ ರೀತಿಗೆ ಇವರು ಇನ್ನೊಮ್ಮೆ ಕಣ್ಣೊರೆಸಿಕೊಂಡರು.

ಮಧ್ಯಾಹ್ನದ ರೈಲಿಗೆ ಬಾಮೈದ ಆಂಜಿನಪ್ಪ ಇಳಿದ. ಸುದ್ದಿ ಬಂಗಾರಪೇಟೆ ತಲುಪಲು ರೈಲಿಗೂ ಕಾಯುವುದಿಲ್ಲ. ತನ್ನ ಮದುವೆಯ ಮೆರವಣಿಗೆಗೇ ಈ ಕಾರು ಬೇಡ, ಎತ್ತಿನ ಗಾಡಿಯೇ ಮರ್ಯಾದೆ ಅಂದವನು ಇವನು. ಈಗ ಬಂದವನೇ ಕಾರಿನ ಬಾನೆಟ್ಟನ್ನು ತಬ್ಬಿಕೊಂಡ.

"ಬಾವ! ಕೊಡದಾದ್ರೆ ಒರಗಿನೋರಿಗ್ ಕೊಡ್ತೀರಾ? ನಾನೇನು ಸತ್ತೋಗಿದ್ನಾ? ಅಕ್ಕನ ಮನೆ ನೆಪ್ಪು ಅಂತ ನಮ್ಮನೆ ಇತ್ತಲಲ್ಲಿ ಇಟ್ಕೊತೀನಿ. ದಿನಾ ಊವ ಮುಡುಸ್ತೀನಿ ಬಾವ."

"ಇವನಿಗೇನು ಬಡೀತು?" ಅಂದರು ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು.

"ಪ್ರೀತಿ ಕಣೇ" ಅಂದರು ಕೋದಂಡಪ್ಪ. "ನಮಗೇ ಗೊತ್ತಾಗಲಿಲ್ಲ, ಈ ಊರು ನಮ್ಮ ಕಾರನ್ನ ಇಷ್ಟೊಂದು ಹಚ್ಚಿಕೊಂಡಿದೆ ಅಂತ." ಹೆಂಡತಿ ಅವರನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು.

ಗುರುವಾರ ಬೆಳಗ್ಗೆ ಎಂಟಕ್ಕೆ, ಅಂಗಳದಲ್ಲಿ ಇಪ್ಪತ್ತು ಜನ ಕಾರಿನ ಪ್ರೇಮಿಗಳು ನೆರೆದಿರುವಾಗ, ಗಣಿ ಕಾವಲಿನ ಇನ್ಸ್‌ಪೆಕ್ಟರು ಇಬ್ಬರು ಆಳುಗಳೊಂದಿಗೆ ಒಳಗೆ ಬಂದರು. ಎತ್ತರದ ಮನುಷ್ಯ, ದಪ್ಪ ಮೀಸೆ. ಕೋದಂಡಪ್ಪನವರು ಇವರೂ ಅಂತಿಮ ದರ್ಶನಕ್ಕೆ ಬಂದವರೆಂದೇ ತಿಳಿದು, ಕೈಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋದರು.

ಇನ್ಸ್‌ಪೆಕ್ಟರು ಬೇಸನ್ನು ನೋಡಿದರು, ಭೂತಗನ್ನಡಿ ನೋಡಿದರು. "ಈ ಮಣ್ಣು ಎಲ್ಲಿಯದು?"

"ಎಲ್ಲಾ ಕಡೆಯದೂ ಇದೆ ಸ್ವಾಮಿ" ಅಂದರು ಕೋದಂಡಪ್ಪ, ಅಭಿಮಾನದಿಂದ. "ಉರಿಗಾಂದು ಇದೆ. ಚಾಂಪಿಯನ್ ರೀಫ್ಸ್ ಗಣಿ ಕಡೇದಂತೂ ಧಾರಾಳವಾಗಿದೆ. ಗಣಿಯೋರು ಮಣ್ಣು ಸುರಿಯೋ ಸೈನೈಡ್ ದಿಬ್ಬದ್ದು ಗಾಳೀಲಿ ತಾನಾಗೇ ಬಂದಿರೋದು."

ಇನ್ಸ್‌ಪೆಕ್ಟರು ನೋಟುಪುಸ್ತಕ ತೆಗೆದರು.

"ಎಷ್ಟು ವರ್ಷದಿಂದ ಸಾಗಿಸ್ತಿದ್ದೀರಿ?"

"ಹದಿಮೂರು ವರ್ಷ. ಒಂದು ಭಾನುವಾರಾನೂ ತಪ್ಪಿಸಿಲ್ಲ."

"ಜೊತೆಗೆ ಯಾರಿರ್ತಿದ್ರು?"

"ಬೀದಿಯೋರೆಲ್ಲ ಇರ್ತಿದ್ರು. ಯಾರು ಕೇಳಿದ್ರೂ ಇಲ್ಲ ಅಂದೋನಲ್ಲ ನಾನು. ಈ ವೆಂಕಟರತ್ನಮ್ಮನೋರು ನಿನ್ನೆ ಕೂಡ ಒಂದು ಚೊಂಬು ತಗೊಂಡು ಹೋದ್ರು."

"ಅಯ್ಯೋ ದೇವುಡಾ!" ಎಂದು ವೆಂಕಟರತ್ನಮ್ಮ ಕಿರಿಚಿದರು. "ಅದ್ರಲ್ಲಿ ಏನೂ ಇಲ್ಲಂಡಿ, ನಾಲ್ಕು ಸಲ ಜಾಲಿಸಿ ನೋಡ್ದೆ!"

ಆಂಜಿನಪ್ಪ ಬಾನೆಟ್ಟಿನಿಂದ ಕೈ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು, ಪರ ಊರಿನವನಂತೆ ನಿಂತ.

"ಬೆಂಗಳೂರಿನ ಆ ದೊಡ್ಡ ಮನುಷ್ಯ ಯಾರ್ರೀ?" ಇನ್ಸ್‌ಪೆಕ್ಟರ ದನಿ ಗಟ್ಟಿಯಾಯಿತು. "ಚಿನ್ನ ಯಾರಿಗೆ ಹೋಗ್ತಿತ್ತು?"

ಚಿನ್ನ! ಆಗ ಕೋದಂಡಪ್ಪನವರಿಗೆ ಎಲ್ಲವೂ ಒಟ್ಟಿಗೆ ಕಾಣಿಸಿತು. ಚಕ್ಕುಲಿ, ತುಳಸಿಕಟ್ಟೆ, ಬಾನೆಟ್ಟಿನ ಆಲಿಂಗನ. ಊರಿಗೆಲ್ಲ ಕನ್ನಡಕ ಹಾಕಿದವರು ಎರಡು ದಿನ ಏನನ್ನೂ ನೋಡದೆ ಓಡಾಡಿದ್ದರು. ಜೈಲೇ ಮೇಲು ಅನಿಸಿತು. ಆದರೂ ಬಾಯಿ ತಾನಾಗಿಯೇ ನಿಜ ಹೇಳಿತು.

"ಬೆಂಗಳೂರಿನೋರು ಯಾರೂ ಇಲ್ಲ ಸ್ವಾಮಿ. ಹಳೇ ಕಬ್ಬಿಣಕ್ಕೆ ಕೊಟ್ಟಿದ್ದೀನಿ. ಪೆರುಮಾಳ್‌ಗೆ. ಹೇಳೋಕೆ ನಾಚಿಕೆಯಾಯ್ತು."

"ಮತ್ತೆ ಮಣ್ಣಲ್ಲಿ ಏನು ಹುಡುಕ್ತಿದ್ರಿ?"

ಇದಕ್ಕೆ ಮಾತ್ರ ಅವರು ಬಾಯಿ ಬಿಡಲಿಲ್ಲ. ಹೆಂಡತಿಗೆ ಮಾತು ಕೊಟ್ಟಿದ್ದರು. ಬಾಗಿಲ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಇನ್ಸ್‌ಪೆಕ್ಟರು ಎರಡನೆಯ ಸಲ ಕೇಳಿದರು. ಮೂರನೆಯ ಸಲ ಕೇಳುವ ಮೊದಲು ಅಶ್ವತ್ಥಮ್ಮ ಮೆಟ್ಟಿಲಿಳಿದು ಬಂದರು.

"ನನ್ನ ಮೂಗುಬೊಟ್ಟು ಸ್ವಾಮಿ. ಕಾರಲ್ಲಿ ಕಳೆದೋಗಿತ್ತು. ನಾನೇ ಉಡುಕಿ ಅಂದಿದ್ದು. ನಾನೇ ಯೋಳ್‌ಬ್ಯಾಡಿ ಅಂದಿದ್ದು."

"ಆಚಾರಿ ಹತ್ರ ಇದೆ ಅಂದಿದ್ರಲ್ಲಮ್ಮ, ಒಂಬತ್ತು ವರ್ಷದಿಂದ?" ಅಂದರು ವೆಂಕಟರತ್ನಮ್ಮ.

"ಸುಳ್ಳೇಳಿದ್ದೆ" ಅಂದರು ಅಶ್ವತ್ಥಮ್ಮ. ಗಂಡನ ಪಕ್ಕದಲ್ಲೇ, ಅವರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತರು. ಒಂದೇ ಮನೆಯ ಎರಡು ಸುಳ್ಳುಗಳು ಹಾಗೆ ಜೊತೆಯಾಗಿ ನಿಂತುಕೊಂಡವು.

ಕಾನೂನಿಗೆ ಮೂಗುಬೊಟ್ಟಿನ ಮಾತು ಸಾಲದು. ಆಳುಗಳು ಸೀಟು, ಬಾಗಿಲಿನ ಹಲಗೆ, ಪೆಟ್ರೋಲ್ ಟ್ಯಾಂಕು ಎಲ್ಲವನ್ನೂ ಬಿಚ್ಚಿದರು. ಸಿಕ್ಕಿದ್ದನ್ನೆಲ್ಲ ಒಂದು ಗೋಣಿತಾಟಿನ ಮೇಲೆ ಹರವಿದರು. ಇನ್ಸ್‌ಪೆಕ್ಟರು ಒಂದೊಂದನ್ನೇ ಎತ್ತಿ ತೋರಿಸುತ್ತಾ ಹೋದರು. ಒಂದು ಹಿಡಿ ಹುಣಸೇಬೀಜ. ಒಣಗಿ ಗೋಲಿಯಂತಾದ ಆಯುಧಪೂಜೆಯ ನಿಂಬೆಹಣ್ಣು. ಒಂದು ಚಿಕ್ಕ ಕಪ್ಪುಬಳೆ.

"ಅದು ನಮ್ಮ ಮೊಮ್ಮಗೂದು" ಅಂದರು ವೆಂಕಟರತ್ನಮ್ಮ. ದನಿ ಇಳಿದಿತ್ತು. "ನಮ್ಮ ಹುಡುಗೀನ ಹೆರಿಗೆ ಆಸ್ಪತ್ರೆಯಿಂದ ಕರ್ಕೊಂಡು ಬಂದಿದ್ದು ಇದ್ರಲ್ಲೇ. ಇವರೇ ಹೋಗಿದ್ರು."

ಮಣಿಕಟ್ಟಿನ ದಾರವೊಂದು ಬಂತು; ಎದುರುಮನೆಯವರು ಗುರುತು ಹಿಡಿದರು. ಅರ್ಧ ಬಳಪ ಬಂತು. ಮೂಲೆಮನೆಯ ಹುಡುಗಿ ಪರೀಕ್ಷೆಗೆ ಹೋದ ದಿನದ್ದು. ಮಿನುಗುವ ಏನೋ ಒಂದು ಸಿಕ್ಕಿದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಬಾಸಿಂಗದ ಜರಿ. ಆಂಜಿನಪ್ಪನದೇ. ಮದುವೆಯ ದಿನ ಗಾಡಿಯ ಎತ್ತು ಕುಂಟಿದ ಮೇಲೆ ಮದುಮಗ ಕೊನೆಗೆ ಬಂದು ಇಳಿದದ್ದು ಈ ಕಾರಿನಿಂದ ಎಂಬುದು ಆಗ ಎಲ್ಲರಿಗೂ ನೆನಪಾಯಿತು. ಆಂಜಿನಪ್ಪನಿಗೆ ತಟ್ಟನೆ ರೈಲಿಗೆ ಹೊತ್ತಾಯಿತು.

ಮೂಗುಬೊಟ್ಟು ಮಾತ್ರ ಸಿಗಲಿಲ್ಲ.

ಇನ್ಸ್‌ಪೆಕ್ಟರು ನೋಟುಪುಸ್ತಕದಲ್ಲಿ 'ಏನೂ ಇಲ್ಲ' ಎಂದು ಬರೆದು ಮುಚ್ಚಿದರು. "ಎಲ್ಲಾ ಮೊದಲಿದ್ದ ಹಾಗೇ ಜೋಡ್ಸಿ. ಒಂದು ಸ್ಕ್ರೂ ಕೂಡ ಮಿಕ್ಕಬಾರದು" ಎಂದು ಆಳುಗಳಿಗೆ ಹೇಳಿ, ಎಲ್ಲ ಮುಗಿಯುವವರೆಗೆ ಬಿಸಿಲಲ್ಲಿ ನಿಂತಿದ್ದರು. ಹೋಗುವಾಗ ಯಾರೂ ನೋಡುತ್ತಿಲ್ಲವೆಂದುಕೊಂಡು ಹಾರನ್ನಿನ ರಬ್ಬರು ಉಂಡೆಯನ್ನು ಒಮ್ಮೆ ಒತ್ತಿದರು. ಅದು 'ಪೋಂ' ಅಂದಿತು. ಇನ್ಸ್‌ಪೆಕ್ಟರು ಮೀಸೆ ತಿರುವಿಕೊಂಡು ಬೇಗಬೇಗ ನಡೆದರು.

ಶುಕ್ರವಾರ ಬೆಳಗ್ಗೆ ಪೆರುಮಾಳ್ ಜೋಡಿ ಎತ್ತು ಹೊಡೆದುಕೊಂಡು ಬಂದ. ಗುರುವಾರದ ರಾಮಾಯಣ ಅವನಿಗೆ ಗೊತ್ತಿರಲಿಲ್ಲ. ಯಾರಿಂದಲೋ ಒಂದು ಕರಿಕೋಟು ಎರವಲು ತಂದು, ಬೀದಿಗೆಲ್ಲ ಕೇಳುವಂತೆ ಕೂಗಿದ: "ಸಾರ್! ಬೆಂಗಳೂರು ದೊಡ್ಡವರು ಅನುಪ್ಪಿಚ್ಚಾರು ಸಾರ್, ಅವರೇ ಕಳಿಸವ್ರೆ! ಕಾರಿಗೆ ಕಾಯ್ತಾ ಅವ್ರೆ!"

ಕೋದಂಡಪ್ಪನವರಿಗೆ ನೆಲ ಬಾಯಿಬಿಡಬಾರದೇ ಅನಿಸಿತು. ಬೀದಿಯ ಎರಡೂ ಕಡೆ ಜನ ನಿಂತಿದ್ದರು. ನಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದರು. ವೆಂಕಟರತ್ನಮ್ಮ ಗೋಡೆಯ ಮೇಲಿನಿಂದ ಗದ್ದ ಎತ್ತಿದರು.

"ಬೆಂಗಳೂರಿನೋರು ದೂರದಿಂದ ಬಂದವ್ರೆ, ಒಂದು ಲೋಟ ಮಜ್ಜಿಗೆ ಕೊಡ್ರೇ ಯಾರಾದ್ರೂ" ಅಂದರು. ಎದುರುಮನೆಯಿಂದ ಮಜ್ಜಿಗೆ ಬಂತು. ಒಬ್ಬರೂ ನಗಲಿಲ್ಲ.

ಕಾರಿಗೆ ಹಗ್ಗ ಕಟ್ಟಿದರು. ಚಕ್ರ ತಿರುಗಿಸಲು ಒಬ್ಬರು ಬೇಕಲ್ಲ, ಕೋದಂಡಪ್ಪನವರೇ ಕೋಟು ಟೊಪ್ಪಿಗೆ ಹಾಕಿಕೊಂಡು ಮುಂದೆ ಕೂತರು. ಎತ್ತು ಇನ್ನೇನು ಹೊರಡಬೇಕು, ಅಷ್ಟರಲ್ಲಿ, "ತಡೀರಿ" ಎಂದು ಕೇಳಿಸಿತು. ಹಿಂದಿನ ಬಾಗಿಲು ತೆರೆದು ಮುಚ್ಚಿದ ಸದ್ದು. ಇಷ್ಟು ಜಾಗ್ರತೆಯಾಗಿ ಬಾಗಿಲು ಹಾಕುವವರು ಈ ಲೋಕದಲ್ಲಿ ಒಬ್ಬರೇ. ಕೋದಂಡಪ್ಪನವರು ಧೈರ್ಯವಿಲ್ಲದೆ ಹಿಂತಿರುಗಿ ನೋಡಲಿಲ್ಲ. ಮೂಗುಬೊಟ್ಟು ಸಿಗದೆ ಕಾರು ಅಂಗಳ ದಾಟುತ್ತಿದೆ. ಯಾವ ಮುಖ ಇಟ್ಟುಕೊಂಡು ನೋಡುವುದು?

ಪೇಟೆಯ ಬೀದಿಯುದ್ದಕ್ಕೂ ಹಾರನ್ ಒತ್ತುತ್ತಾ ಹೋದರು. ದಾರಿ ಬಿಡುವ ಅಗತ್ಯ ಯಾರಿಗೂ ಇರಲಿಲ್ಲ. ಎತ್ತುಗಳಿಗಿಂತ ಎಲ್ಲರೂ ವೇಗವಾಗಿ ನಡೆಯುತ್ತಿದ್ದರು. ಆದರೂ ಪಕ್ಕಕ್ಕೆ ಸರಿದು ನಿಂತರು. ಒಬ್ಬ ಮುದುಕ ಪೇಟ ಸರಿಮಾಡಿಕೊಂಡು ಕಾರಿಗೆ ಸಲಾಮು ಹಾಕಿದ.

ಊರು ದಾಟಿ, ಹೊಲ ದಾಟಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹುಣಸೇಮರ ಬಂತು. ನೆರಳು ಕಂಡ ಎತ್ತುಗಳು ತಾವಾಗಿಯೇ ನಿಂತವು. ಪೆರುಮಾಳ್ ಹೇಯ್ ಅಂದ, ಬಾಲ ಮುರಿದ. ಅವು ಕದಲಲಿಲ್ಲ.

"ಎನ್ನ ಸಾರ್ ಇದು! ಇಂಜಿನ್ ಓಡದಿದ್ರೂ ಇಲ್ಲೇ ನಿಂತೋಯ್ತೇ!"

ಹಿಂದೆ ಕ್ಯಾರಿಯರಿನ ಮುಚ್ಚಳ ತೆಗೆದ ಸದ್ದಾಯಿತು. ಮೊದಲ ಎಲೆ ಕಿಟಕಿಯಿಂದ ಪೆರುಮಾಳನ ಕೈಗೆ ಹೋಯಿತು. ಆಮೇಲೆ ಕೋದಂಡಪ್ಪನವರು, ಹೇಗಿದ್ದರೂ ತಿರುಗಲೇಬೇಕಲ್ಲ ಎಂದು, ತಿರುಗಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಅಶ್ವತ್ಥಮ್ಮನ ಮೂಗಿನಲ್ಲಿ ಬೇವಿನಕಡ್ಡಿ ಇರಲಿಲ್ಲ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿಗೆ ಏಳು ಕಲ್ಲು ಮಿಣುಕುತ್ತಿದ್ದವು.

"ಎಲ್ಲಿ ಸಿಕ್ತು?"

"ಓದ ದೀಪಾವಳೀಲಿ. ತಮ್ಮನ ಮದುವೆಗುಟ್ಟಿದ್ದ ಕೆಂಪುಸೀರೆ ಮಡಿಕೇಲಿತ್ತು. ಇಷ್ಟು ವರ್ಷ ಕಾರಿನ ಮ್ಯಾಲೆ ತಪ್ಪೊರ್ಸಿದ್ನಲ್ಲ, ಯೋಳಾಕೆ ನಾಚ್ಕೆಯಾಯ್ತು."

"ಮತ್ತೆ... ನಾನು ಆ ಮಣ್ಣೆಲ್ಲಾ..." ಕೋದಂಡಪ್ಪನವರು ಸೀಟಿನ ಮೇಲೆ ಪೂರ್ತಿ ತಿರುಗಿ ಕೂತರು. "ಸಿಗೋ ಗಂಟ ಕಾರು ಅಲ್ಲಾಡಂಗಿಲ್ಲ ಅಂತ ಯಾಕೆ ಅಂದೆ ಮತ್ತೆ?"

ಅಶ್ವತ್ಥಮ್ಮ ಪಕ್ಕದ ಸೀಟಿನ ಸವೆದ ತೊಗಲಿನ ಮೇಲೆ ಒಂದು ಸಲ ಕೈಯಾಡಿಸಿದರು. ಆಮೇಲೆ ಮುತ್ತುಗದೆಲೆಯ ಮೇಲೆ ಹುಳಿಯನ್ನ ಬಡಿಸಿ, ಪಕ್ಕಕ್ಕೆ ಸ್ವಲ್ಪ ಮಾವಿನ ಉಪ್ಪಿನಕಾಯಿ ಇಟ್ಟು, ಹದಿಮೂರು ವರ್ಷ ಕೊಟ್ಟ ಹಾಗೆಯೇ ಮುಂದಿನ ಸೀಟಿನ ಮೇಲಿಂದ ಗಂಡನ ಕೈಗೆ ಕೊಟ್ಟರು.